ಉಂಡದ್ದು ಮೈಗೆ ಹತ್ತದಿದ್ದಾಗ: ತೀವ್ರ ಅಪೌಷ್ಟಿಕತೆ ಮತ್ತು ಮೇದೋಜೀರಕ ಗ್ರಂಥಿ

ಮಗುವಿನ ಎಡತೋಳಿನ ನಡುಭಾಗಕ್ಕೆ ಒಂದು ಪಟ್ಟಿ ಸುತ್ತುತ್ತಾರೆ. ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆ ಬಂದರೆ ಪಟ್ಟಿಯಲ್ಲಿ ಕೆಂಪು ಬಣ್ಣ ಕಾಣುತ್ತದೆ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಾದರೆ ಅಷ್ಟೇ ಸಾಕು, ತೀವ್ರ ಅಪೌಷ್ಟಿಕತೆ ಎಂದು ದಾಖಲಾಗುತ್ತದೆ. ಎತ್ತರಕ್ಕೆ ಹೋಲಿಸಿದರೆ ತೂಕ ತೀರಾ ಕಡಿಮೆ ಇದ್ದರೂ ಹಾಗೆಯೇ. ಮೂರನೆಯ ಪರೀಕ್ಷೆಗೆ ಪಟ್ಟಿಯೂ ಬೇಡ, ತಕ್ಕಡಿಯೂ ಬೇಡ. ಮಗುವಿನ ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಬೇಕು. ಹಸಿ ಜೇಡಿಮಣ್ಣನ್ನು ಒತ್ತಿದಂತೆ ಅಲ್ಲಿ ಗುಳಿ ಉಳಿದುಬಿಟ್ಟರೆ ಅದು ಊತದ ಅಪೌಷ್ಟಿಕತೆ, ವೈದ್ಯರ ಮಾತಿನಲ್ಲಿ ಕ್ವಾಶಿಯೋರ್ಕರ್. ಊತವಿಲ್ಲದೆ ಬರೀ ಎಲುಬು ತೊಗಲಾಗಿ ಸೊರಗಿದ್ದರೆ ಮರಾಸ್ಮಸ್. ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಬ್ಯಾಂಕ್ ಜೊತೆಯಾಗಿ ಮಾಡಿದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 4.5 ಕೋಟಿ ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದ್ದರು. ಅವರಲ್ಲಿ 1.3 ಕೋಟಿಗೂ ಹೆಚ್ಚು ಮಕ್ಕಳ ಸ್ಥಿತಿ ತೀವ್ರವಾಗಿತ್ತು.

ತೋಳು, ತೂಕ, ಪಾದ. ಅಳೆಯುವುದು ಇಷ್ಟನ್ನೇ. ಜಠರದ ಹಿಂದೆ, ಬೆನ್ನೆಲುಬಿಗೆ ಅಡ್ಡಲಾಗಿ ಮಲಗಿರುವ ಒಂದು ಗ್ರಂಥಿ ಈ ಮೂರು ಅಳತೆಗಳಿಗೂ ಸಿಗುವುದಿಲ್ಲ. ಮಗು ಊಟವಿಲ್ಲದೆ ಸೊರಗಿದೆ, ಉಣಿಸಿದರೆ ಚೇತರಿಸಿಕೊಳ್ಳುತ್ತದೆ ಎಂಬ ಸರಳ ಲೆಕ್ಕ ತಪ್ಪುವುದರಲ್ಲಿ ಈ ಗ್ರಂಥಿಯ ಪಾಲೂ ಇದೆ. ಉಂಡದ್ದನ್ನು ಒಡೆದು ರಕ್ತಕ್ಕೆ ಸೇರುವ ಹದಕ್ಕೆ ತರುವ ಹೊಣೆ ಹೆಚ್ಚಾಗಿ ಅದರದ್ದೇ. ಅದು ಕೈಚೆಲ್ಲಿದ ಮೇಲೆ ಬಾಯಿಗೆ ಹೋದದ್ದಕ್ಕೂ ಮೈಗೆ ಹತ್ತಿದ್ದಕ್ಕೂ ತಾಳೆಯಾಗುವುದಿಲ್ಲ.

ಆ ಗ್ರಂಥಿಯೇ ಮೇದೋಜೀರಕ, ಅಂದರೆ ಪ್ಯಾಂಕ್ರಿಯಾಸ್. ಒಂದೇ ಸೂರಿನಡಿ ಎರಡು ಕಸುಬು ನಡೆಸುವ ಅಂಗ. ಮೊದಲನೆಯದು ಜೀರ್ಣರಸ ತಯಾರಿಸಿ ಸಣ್ಣ ಕರುಳಿಗೆ ಸುರಿಯುವುದು. ದೊಡ್ಡವರಲ್ಲಿ ದಿನಕ್ಕೆ ಒಂದರಿಂದ ಒಂದೂವರೆ ಲೀಟರಿನಷ್ಟು ರಸ ಹರಿಯುತ್ತದೆ. ಅದರಲ್ಲಿರುವ ಅಮೈಲೇಸ್ ಪಿಷ್ಟವನ್ನೂ ಲೈಪೇಸ್ ಕೊಬ್ಬನ್ನೂ ಟ್ರಿಪ್ಸಿನ್ ಮತ್ತು ಅದರ ಬಳಗದ ಕಿಣ್ವಗಳು ಪ್ರೋಟೀನನ್ನೂ ಒಡೆಯುತ್ತವೆ. ಎರಡನೆಯ ಕಸುಬು ಇನ್ಸುಲಿನ್, ಗ್ಲುಕಗಾನ್‌ನಂಥ ಹಾರ್ಮೋನುಗಳನ್ನು ನೇರವಾಗಿ ರಕ್ತಕ್ಕೆ ಬಿಡುವುದು. ಈ ಎರಡನೆಯ ಕೆಲಸಕ್ಕೆ ಮೀಸಲಾದ ಕೋಶಗಳು ಗ್ರಂಥಿಯ ನೂರರಲ್ಲಿ ಒಂದೆರಡು ಪಾಲಿನಷ್ಟು ಮಾತ್ರ. ಆದರೂ ಸಕ್ಕರೆ ಕಾಯಿಲೆಯ ದೆಸೆಯಿಂದ ಜನರಿಗೆ ಗೊತ್ತಿರುವುದು ಈ ಚಿಕ್ಕ ಪಾಲೇ. ನೂರರಲ್ಲಿ ಎಂಬತ್ತಕ್ಕೂ ಮಿಕ್ಕಿದ ಪಾಲು ಜೀರ್ಣರಸದ ಕೋಶಗಳದ್ದು. ಅವುಗಳ ಹೆಸರೂ ಯಾರಿಗೂ ಗೊತ್ತಿಲ್ಲ. ಅಸೈನಾರ್ ಕೋಶಗಳು ಎನ್ನುತ್ತಾರೆ.

ಕಿಣ್ವವೂ ಪ್ರೋಟೀನೇ

ಆರೋಗ್ಯವಾಗಿರುವ ಗ್ರಂಥಿಯ ತೆಳುವಾದ ಸೀಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಸೈನಾರ್ ಕೋಶಗಳು ಒಂದು ಸಣ್ಣ ನಾಳದ ಸುತ್ತ ದ್ರಾಕ್ಷಿ ಗೊಂಚಲಿನಂತೆ ಒತ್ತಾಗಿ ಕೂತಿರುತ್ತವೆ. ಪ್ರತಿ ಕೋಶದ ಬುಡ ಕಡುನೀಲಿ, ನಾಳದ ಕಡೆಗಿನ ತುದಿಯಲ್ಲಿ ಗುಲಾಬಿ ಬಣ್ಣದ ಕಾಳುಕಾಳು. ಆ ಕಾಳುಗಳೇ ಕಿಣ್ವದ ದಾಸ್ತಾನು. ಊಟ ಕರುಳಿಗೆ ಇಳಿದ ಸುದ್ದಿ ಮುಟ್ಟಿದ ಕೂಡಲೇ ಅವು ಒಡೆದು ನಾಳಕ್ಕೆ ಸುರಿಯುತ್ತವೆ. ಕ್ವಾಶಿಯೋರ್ಕರ್‌ನಿಂದ ತೀರಿಕೊಂಡ ಮಗುವಿನ ಗ್ರಂಥಿಯಲ್ಲಿ ಈ ಚಿತ್ರ ಗುರುತು ಸಿಗದಷ್ಟು ಬದಲಾಗಿರುತ್ತದೆ. ಕೋಶಗಳು ಕುಗ್ಗಿವೆ, ಕಾಳುಗಳು ಅಲ್ಲೊಂದು ಇಲ್ಲೊಂದು, ಗೊಂಚಲಿನ ಆಕಾರ ಕಲಸಿಹೋಗಿದೆ. ಬಹಳ ಕಾಲ ನರಳಿದ ಮಗುವಾದರೆ ಗೊಂಚಲುಗಳ ನಡುವೆ ನಾರು ಬೆಳೆದಿರುತ್ತದೆ.

ಹೀಗಾಗುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕಿಣ್ವಗಳೆಲ್ಲ ಪ್ರೋಟೀನುಗಳೇ. ತೂಕಕ್ಕೆ ತೂಕ ಲೆಕ್ಕ ಹಾಕಿದರೆ ದೇಹದಲ್ಲಿ ಅತಿ ಹೆಚ್ಚು ಪ್ರೋಟೀನ್ ತಯಾರಿಸುವ ಅಂಗಗಳ ಸಾಲಿನಲ್ಲಿ ಈ ಗ್ರಂಥಿ ಮುಂದೆ ನಿಲ್ಲುತ್ತದೆ. ಕಚ್ಚಾವಸ್ತು ನಿಂತರೆ ಮೊದಲು ಬಾಗಿಲು ಮುಚ್ಚುವುದು ಇಂಥ ಕಾರ್ಖಾನೆಯೇ ತಾನೆ? ಇನ್ನು ಆ ಕಚ್ಚಾವಸ್ತು, ಅಂದರೆ ಅಮೈನೋ ಆಮ್ಲ, ಬರಬೇಕಾದದ್ದು ಉಂಡ ಪ್ರೋಟೀನಿನಿಂದ. ಅದನ್ನು ಒಡೆಯಲು ಕಿಣ್ವ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ಕೋಶಗಳ ಮಟ್ಟದಲ್ಲಿ ಆಡಿ ತೋರಿಸಿದಂತಿದೆ ಇದು.

ಸಾಮಾನ್ಯ ದಿನಗಳಲ್ಲಿ ದೇಹ ಇಲ್ಲೊಂದು ಉಳಿತಾಯ ಮಾಡುತ್ತದೆ. ಕರುಳಿಗೆ ಸುರಿದ ಕಿಣ್ವಗಳು ಕೆಲಸ ಮುಗಿಸಿದ ಮೇಲೆ ತಾವೂ ಜೀರ್ಣವಾಗುತ್ತವೆ. ಅವುಗಳ ಅಮೈನೋ ಆಮ್ಲಗಳಲ್ಲಿ ಬಹುಪಾಲನ್ನು ಕರುಳು ಮತ್ತೆ ಹೀರಿಕೊಂಡು ರಕ್ತಕ್ಕೆ ಒಪ್ಪಿಸುತ್ತದೆ. ಬೇಧಿ ಹಿಡಿದ ಮಗುವಿನಲ್ಲಿ ಈ ಮರುಪಾವತಿಯೂ ಸೋರಿಹೋಗುತ್ತದೆ. ಅಪೌಷ್ಟಿಕ ಮಕ್ಕಳಲ್ಲಿ ಬೇಧಿ ಎಷ್ಟು ಸಾಮಾನ್ಯ ಎಂದು ಹೇಳಬೇಕಾಗಿಲ್ಲ.

ಬಾಗಿಲಿಗೆ ಎರಡನೆಯ ಬೀಗವೂ ಉಂಟು. ಟ್ರಿಪ್ಸಿನ್ ಗ್ರಂಥಿಯಿಂದ ಹೊರಡುವಾಗ ನಿಷ್ಕ್ರಿಯ ರೂಪದಲ್ಲಿರುತ್ತದೆ. ಹಾಗಿರದಿದ್ದರೆ ಅದು ತನ್ನ ಮನೆಯನ್ನೇ ಅರಗಿಸಿಬಿಡುತ್ತಿತ್ತು. ಅದನ್ನು ಎಬ್ಬಿಸುವುದು ಸಣ್ಣ ಕರುಳಿನ ಒಳಪದರದಲ್ಲಿ ತಯಾರಾಗುವ ಎಂಟಿರೋಕೈನೇಸ್ ಎಂಬ ಇನ್ನೊಂದು ಕಿಣ್ವ. ಟ್ರಿಪ್ಸಿನ್ ಎದ್ದ ಮೇಲೆ ಪ್ರೋಟೀನ್ ಒಡೆಯುವ ಉಳಿದ ಕಿಣ್ವಗಳನ್ನು ತಾನೇ ಎಬ್ಬಿಸುತ್ತದೆ. ತೀವ್ರ ಅಪೌಷ್ಟಿಕತೆಯಲ್ಲಿ ಕರುಳಿನ ಒಳಪದರವೇ ಸವೆದು ಚಪ್ಪಟೆಯಾಗಿರುತ್ತದೆ. ಗ್ರಂಥಿ ಕಷ್ಟಪಟ್ಟು ಕಳಿಸಿದ ಅಷ್ಟಿಷ್ಟು ಸರಕೂ ಕೆಲಸಕ್ಕೆ ಇಳಿಯುವುದು ಅನುಮಾನ. ಪಿತ್ತಕೋಶದ ಕಡೆಯಿಂದ ಬರಬೇಕಾದ ಪಿತ್ತಲವಣಗಳ ಕೊರತೆಯೂ ಸೇರಿಕೊಂಡರೆ ಕೊಬ್ಬಿನ ಜೀರ್ಣಕ್ರಿಯೆ ಇನ್ನಷ್ಟು ಕುಂಟುತ್ತದೆ.

ಪೆಟ್ಟು ಬೀಳುವ ವಯಸ್ಸನ್ನೂ ಗಮನಿಸಬೇಕು. ಹುಟ್ಟುವಾಗ ಮಗುವಿನ ಮೇದೋಜೀರಕದಲ್ಲಿ ಅಮೈಲೇಸ್ ಇಲ್ಲವೆನ್ನುವಷ್ಟು ಕಡಿಮೆ, ಲೈಪೇಸ್ ಕೂಡ ದೊಡ್ಡವರ ಮಟ್ಟಕ್ಕಿಂತ ಬಹಳ ಕೆಳಗೆ. ಒಂದೆರಡು ವರ್ಷ ಕಳೆದ ಮೇಲೆಯೇ ಗ್ರಂಥಿ ಬಲಿಯುವುದು. ತೀವ್ರ ಅಪೌಷ್ಟಿಕತೆ ಹೆಚ್ಚಾಗಿ ಎರಗುವುದು ಈ ಒಂದೆರಡು ವರ್ಷಗಳಲ್ಲೇ. ಇನ್ನೂ ಮೈನೆರೆಯದ ಗ್ರಂಥಿಗೆ ಬಿದ್ದ ಪೆಟ್ಟು ಅದು.

ಹೆಸರು ಸಿಕ್ಕ ಕಾಯಿಲೆ, ಹೆಸರಿಲ್ಲದ ಅಂಗ

ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಇಂದಿನ ಘಾನಾ, ಅಂದಿನ ಗೋಲ್ಡ್ ಕೋಸ್ಟ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಊದಿದ ಕಾಲು, ಸುಲಿದ ಚರ್ಮ, ಬಣ್ಣಗೆಟ್ಟ ಕೂದಲಿನ ಮಕ್ಕಳನ್ನು ಕಂಡು 1933ರಲ್ಲಿ ವರದಿ ಬರೆದರು. 1935ರಲ್ಲಿ ಅದಕ್ಕೆ ಅಲ್ಲಿನ ಗಾ ಭಾಷೆಯ ಹೆಸರನ್ನೇ ಬಳಸಿದರು. ಬೆನ್ನಿಗೆ ಇನ್ನೊಂದು ಮಗು ಹುಟ್ಟಿದಾಗ ಹಿರಿಯ ಮಗುವಿಗೆ ಬರುವ ಕಾಯಿಲೆ ಎಂಬುದು ಕ್ವಾಶಿಯೋರ್ಕರ್ ಪದದ ಭಾವ. ಇದು ಪೆಲಾಗ್ರ, ಅಂದರೆ ನಿಯಾಸಿನ್ ಎಂಬ ಜೀವಸತ್ವದ ಕೊರತೆಯ ಕಾಯಿಲೆಯಷ್ಟೇ ಎಂದು ವಾದಿಸಿದವರೂ ಇದ್ದರು. ಎದೆಹಾಲು ಬಿಡಿಸಿದ ಮೇಲೆ ಮಗುವಿನ ತಟ್ಟೆಗೆ ಏನು ಬೀಳುತ್ತದೆ ಎಂಬುದನ್ನು ಆ ತಾಯಂದಿರು ವೈದ್ಯಶಾಸ್ತ್ರಕ್ಕಿಂತ ಮೊದಲೇ ಗುರುತಿಸಿ, ಹೆಸರಿಟ್ಟು ಮುಗಿಸಿದ್ದರು ಎನ್ನುವುದು ನನಗೆ ಈ ಕಥೆಯಲ್ಲಿ ಬಹಳ ಹಿಡಿಸುವ ಭಾಗ.

ಮೇದೋಜೀರಕದ ಪಾತ್ರ ಬಯಲಾದದ್ದು ಮುಂದಿನ ದಶಕದಲ್ಲಿ, ಉಗಾಂಡದ ಕಂಪಾಲದಲ್ಲಿ. ಅಲ್ಲಿ ಶವಪರೀಕ್ಷೆ ಮಾಡುತ್ತಿದ್ದ ಜೆ. ಎನ್. ಪಿ. ಡೇವಿಸ್ ಈ ಮಕ್ಕಳ ಮೇದೋಜೀರಕ ಕುಗ್ಗಿಹೋಗಿರುವುದನ್ನು ಮತ್ತೆ ಮತ್ತೆ ಕಂಡರು. ಊದಿಕೊಂಡ, ಕೊಬ್ಬು ತುಂಬಿದ ಯಕೃತ್ತಿನ ಮೇಲೆ ಎಲ್ಲರ ಕಣ್ಣು ನೆಟ್ಟಿದ್ದಾಗ, ರೋಗದ ಮೂಲ ಗುರುತು ಈ ಗ್ರಂಥಿಯಲ್ಲಿದೆ ಎಂದು 1948ರಲ್ಲಿ ವಾದ ಮುಂದಿಟ್ಟರು. 1952ರಲ್ಲಿ ಥಾಂಪ್ಸನ್ ಮತ್ತು ಟ್ರೋವೆಲ್ ಬದುಕಿರುವ ಮಕ್ಕಳ ಸಣ್ಣ ಕರುಳಿನ ರಸ ತೆಗೆದು ಅದರಲ್ಲಿ ಕಿಣ್ವಗಳ ಚಟುವಟಿಕೆ ಬಹಳ ಕುಸಿದಿದೆ ಎಂದು ತೋರಿಸಿದರು. 1968ರಲ್ಲಿ ಬಾರ್ಬೆಜಾಟ್ ಮತ್ತು ಹ್ಯಾನ್ಸನ್ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಇನ್ನಷ್ಟು ಕ್ರಮಬದ್ಧವಾಗಿ ಇದನ್ನೇ ಪರಿಶೀಲಿಸಿದರು. ರಸದಲ್ಲಿ ನೀರು ಮತ್ತು ಕ್ಷಾರದ ಅಂಶಕ್ಕೆ ಅಷ್ಟೇನೂ ಧಕ್ಕೆಯಿಲ್ಲ, ಸೊರಗಿರುವುದು ಕಿಣ್ವ. ಕೊಳವೆಯಲ್ಲಿ ನೀರು ಹರಿಯುತ್ತಲೇ ಇದೆ, ಅದರೊಳಗೆ ಸರಕಿಲ್ಲ ಎಂದಂತೆ. ನಾಳದ ಕೋಶಗಳು ಒಂದು ಮಟ್ಟಕ್ಕೆ ಉಳಿದುಕೊಂಡು, ಪ್ರೋಟೀನ್ ಕಟ್ಟುವ ಅಸೈನಾರ್ ಕೋಶಗಳೇ ಸೋತಿವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಇಲ್ಲೊಂದು ಎಚ್ಚರಿಕೆ. ಕ್ವಾಶಿಯೋರ್ಕರ್ ಎಂದರೆ ಪ್ರೋಟೀನ್ ಕೊರತೆ, ಮರಾಸ್ಮಸ್ ಎಂದರೆ ಕ್ಯಾಲೊರಿ ಕೊರತೆ ಎಂದು ಶಾಲಾ ಪಠ್ಯಗಳಲ್ಲಿ ಓದಿದ್ದು ಅಷ್ಟು ನೇರವಾಗಿ ನಿಲ್ಲುವುದಿಲ್ಲ. ಒಂದೇ ಬಗೆಯ ಆಹಾರ ತಿನ್ನುವ ಮಕ್ಕಳಲ್ಲಿ ಕೆಲವರು ಊದುತ್ತಾರೆ, ಕೆಲವರು ಒಣಗುತ್ತಾರೆ ಎಂದು ಭಾರತದ ಪೋಷಣಾ ವಿಜ್ಞಾನಿ ಸಿ. ಗೋಪಾಲನ್ 1968ರಲ್ಲೇ ಹೇಳಿದ್ದರು. ಸೋಂಕು, ಕರುಳಿನ ಸೂಕ್ಷ್ಮಜೀವಿಗಳು, ದೇಹದ ಉತ್ಕರ್ಷಣ ನಿರೋಧಕ ಶಕ್ತಿ ಹೀಗೆ ಹಲವು ಎಳೆಗಳನ್ನು ಆಮೇಲಿನವರು ಎಳೆದಿದ್ದಾರೆ. ಆದ್ದರಿಂದ ಗ್ರಂಥಿ ಸೊರಗಲು ಪ್ರೋಟೀನ್ ಕೊರತೆಯೊಂದೇ ಕಾರಣ ಎಂದು ಷರಾ ಬರೆಯುವುದು ದುಡುಕು. ಇಲಿಗಳಲ್ಲಿ ತಾಮ್ರದ ಕೊರತೆಯೊಂದನ್ನೇ ಉಂಟುಮಾಡಿದರೂ ಅಸೈನಾರ್ ಕೋಶಗಳು ಸಾಯುತ್ತವೆ. ಅಪೌಷ್ಟಿಕ ಮಗುವಿನಲ್ಲಿ ಕೊರತೆ ಒಂದೇ ಒಂದು ಇರುವುದು ಅಪರೂಪ.

ಸದ್ದಿಲ್ಲದ ಸೋಲು

ಎಪ್ಪತ್ತು ವರ್ಷಗಳ ಹಿಂದೆಯೇ ಕಂಡ ಸಂಗತಿ ಚಿಕಿತ್ಸೆಯ ಕೈಪಿಡಿಗಳಲ್ಲಿ ದೊಡ್ಡದಾಗಿ ಜಾಗ ಪಡೆಯದೆ ಉಳಿದದ್ದೇಕೆ? ಮುಖ್ಯ ಕಾರಣ, ಈ ಗ್ರಂಥಿಯ ಸೋಲು ಹೊರಗೆ ಕಾಣುವುದಿಲ್ಲ. ಅದರ ಮೀಸಲು ಶಕ್ತಿ ಬೆರಗು ಹುಟ್ಟಿಸುವಷ್ಟಿದೆ. 1973ರಲ್ಲಿ ಡಿಮ್ಯಾಗ್ನೊ ಮತ್ತು ಸಂಗಡಿಗರು ದೀರ್ಘಕಾಲದ ಮೇದೋಜೀರಕ ಉರಿಯೂತವಿದ್ದ ವಯಸ್ಕರಲ್ಲಿ ಅಳೆದು ನೋಡಿದಾಗ, ಲೈಪೇಸ್ ಉತ್ಪತ್ತಿ ಸಹಜ ಮಟ್ಟದ ಶೇಕಡಾ 10ಕ್ಕಿಂತ ಕೆಳಗಿಳಿದ ಮೇಲಷ್ಟೇ ಮಲದಲ್ಲಿ ಕೊಬ್ಬು ಕಾಣಿಸಿಕೊಂಡಿತು. ಹತ್ತರಲ್ಲಿ ಒಂಬತ್ತು ಪಾಲು ಹೋಗುವವರೆಗೂ ಗ್ರಂಥಿ ತುಟಿ ಪಿಟಕ್ಕೆನ್ನುವುದಿಲ್ಲ ಎಂದಾಯಿತು.

ಅಪೌಷ್ಟಿಕ ಮಗುವಿನಲ್ಲಿ ಈ ಮೌನ ಇನ್ನೂ ಗಾಢ. ಮಲದಲ್ಲಿ ಜಿಡ್ಡು ತೇಲಬೇಕಾದರೆ ಮೊದಲು ಊಟದಲ್ಲಿ ಜಿಡ್ಡಿರಬೇಕು. ತಿಂಗಳುಗಟ್ಟಲೆ ಬರೀ ಪಿಷ್ಟದ ಗಂಜಿಯಲ್ಲೇ ಕಾಲ ಕಳೆದ ಮಗುವಿನ ಮಲದಲ್ಲಿ ಕೊಬ್ಬಿಲ್ಲ ಎಂದರೆ ಲೈಪೇಸ್ ಸರಿಯಿದೆ ಎಂದು ಅರ್ಥವಾಗುವುದಿಲ್ಲ, ಅದಕ್ಕೆ ಪರೀಕ್ಷೆಯೇ ಒದಗಿಲ್ಲ ಎಂದರ್ಥ. 1980ರ ದಶಕದಲ್ಲಿ ಸೋನಿಯೇರ್ ಮತ್ತು ಸಾರ್ಲೆಸ್ ಪಶ್ಚಿಮ ಆಫ್ರಿಕಾದ ಡಾಕಾರ್ ಮತ್ತು ಅಬಿಜಾನ್ ನಗರಗಳಲ್ಲಿ ನಡೆಸಿದ ಅಧ್ಯಯನದ ಶೀರ್ಷಿಕೆಯಲ್ಲೇ ‘ಸದ್ದಿಲ್ಲದ’ ಎಂಬ ಮಾತು ಬಂದದ್ದು ಸುಮ್ಮನೆ ಅಲ್ಲ.

ಪರೀಕ್ಷೆಯೂ ಸುಲಭವಾಗಿರಲಿಲ್ಲ. ಮೂಗಿನ ಮೂಲಕ ನಳಿಕೆಯನ್ನು ಸಣ್ಣ ಕರುಳಿನವರೆಗೆ ಇಳಿಸಿ, ಹಾರ್ಮೋನ್ ಚುಚ್ಚಿ, ಹರಿದು ಬಂದ ರಸವನ್ನು ಹಿಡಿಯಬೇಕು. ಉಸಿರಾಡಲೂ ಸುಸ್ತಾಗಿರುವ ಮಗುವಿಗೆ ಇದನ್ನು ಮಾಡುವವರಾರು? ಈಗ ಮಲದ ಮಾದರಿಯಲ್ಲಿ ಎಲಾಸ್ಟೇಸ್-1 ಎಂಬ ಕಿಣ್ವವನ್ನು ಅಳೆಯುತ್ತಾರೆ. ಅದು ಕರುಳಿನುದ್ದಕ್ಕೂ ಕೆಡದೆ ಹೊರಬರುತ್ತದೆ. ಒಂದು ಗ್ರಾಂ ಮಲದಲ್ಲಿ 200 ಮೈಕ್ರೋಗ್ರಾಮಿಗಿಂತ ಕಡಿಮೆ ಇದ್ದರೆ ಗ್ರಂಥಿ ಸಾಲದು, 100ಕ್ಕಿಂತ ಕಡಿಮೆಯಾದರೆ ತೀರಾ ಸಾಲದು ಎಂಬುದು ರೂಢಿಯ ಗಡಿ. ಇದರಲ್ಲೂ ಒಂದು ತೊಡಕಿದೆ. ಮಲ ನೀರಾಗಿದ್ದರೆ ಕಿಣ್ವವೂ ತೆಳುವಾಗಿ, ಗ್ರಂಥಿ ಸರಿಯಿದ್ದರೂ ಅಂಕಿ ಕೆಳಗೆ ಬೀಳುತ್ತದೆ. ಬೇಧಿಯೇ ದಿನಚರಿಯಾಗಿರುವ ಮಕ್ಕಳಲ್ಲಿ ಈ ಅಂಕಿಯೊಂದನ್ನೇ ನಂಬಿ ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ.

ಉಲ್ಟಾ ನಡೆಯುವುದೂ ಉಂಟು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ವಂಶವಾಹಿ ಕಾಯಿಲೆಯಲ್ಲಿ ಮೊದಲು ಕೆಡುವುದು ಗ್ರಂಥಿ, ಅಪೌಷ್ಟಿಕತೆ ಅದರ ಹಿಂದೆ ಬರುತ್ತದೆ. ಕೆಲವು ಹಸುಗೂಸುಗಳು ಊತ, ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನಿನ ಕುಸಿತದೊಂದಿಗೆ ಥೇಟ್ ಕ್ವಾಶಿಯೋರ್ಕರ್‌ನಂತೆಯೇ ಬರುತ್ತವೆ. ಡೊರೊತಿ ಆಂಡರ್ಸನ್ 1938ರಲ್ಲಿ ಈ ಕಾಯಿಲೆಯನ್ನು ಬೇರೆಯಾಗಿ ಗುರುತಿಸಿದ್ದೂ ಸೀಲಿಯಾಕ್ ಎಂಬ ಕರುಳಿನ ಕಾಯಿಲೆಯ ಹಣೆಪಟ್ಟಿ ಹಚ್ಚಿದ್ದ ಮಕ್ಕಳ ಮೇದೋಜೀರಕವನ್ನು ನೋಡಿಯೇ. ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲದ, ಆದರೂ ಊದಿಕೊಂಡು ಸೊರಗಿದ ಕೂಸು ಎದುರಿಗಿದ್ದರೆ ವೈದ್ಯರು ಸಿಸ್ಟಿಕ್ ಫೈಬ್ರೋಸಿಸ್ ಪತ್ತೆಹಚ್ಚುವ ಬೆವರಿನ ಉಪ್ಪಿನ ಪರೀಕ್ಷೆ ಮಾಡಿಸುವುದು ಇದಕ್ಕೇ.

ಕೊಬ್ಬೇ ಔಷಧ, ಕೊಬ್ಬೇ ಸವಾಲು

ಇಂದಿನ ಚಿಕಿತ್ಸೆ ಎರಡು ಹಂತದ್ದು. ಆಸ್ಪತ್ರೆಗೆ ಸೇರಿಸಬೇಕಾದಷ್ಟು ಜರ್ಜರಿತವಾದ ಮಗುವಿಗೆ ಮೊದಲು ಎಫ್-75 ಎಂಬ ಹಾಲು. ನೂರು ಮಿಲಿಲೀಟರಿಗೆ 75 ಕ್ಯಾಲೊರಿ, ಪ್ರೋಟೀನ್ ಬರೀ 0.9 ಗ್ರಾಂ. ಸ್ಥಿತಿ ಹತೋಟಿಗೆ ಬಂದು ಹಸಿವು ಮರಳಿದ ಮೇಲೆ ಎಫ್-100, ಅಥವಾ ಕಡಲೆಕಾಯಿ, ಹಾಲಿನ ಪುಡಿ, ಎಣ್ಣೆ, ಸಕ್ಕರೆ, ಖನಿಜ ಮತ್ತು ಜೀವಸತ್ವಗಳನ್ನು ಅರೆದು ಮಾಡಿದ ಸಿದ್ಧ ಚಿಕಿತ್ಸಾ ಆಹಾರದ ಪೊಟ್ಟಣ. 92 ಗ್ರಾಮಿನ ಒಂದು ಪೊಟ್ಟಣದಲ್ಲಿ 500 ಕ್ಯಾಲೊರಿ. ನೀರು ಬೆರೆಸಬೇಕಿಲ್ಲ, ಬೇಯಿಸಬೇಕಿಲ್ಲ, ಮನೆಯಲ್ಲೇ ತಿನ್ನಿಸಬಹುದು. 1990ರ ದಶಕದ ಕೊನೆಯಲ್ಲಿ ಆಂದ್ರೆ ಬ್ರಿಯಾಂದ್ ಅವರ ಕೆಲಸದಿಂದ ಬಂದ ಈ ಪೊಟ್ಟಣ ಲಕ್ಷಾಂತರ ಮಕ್ಕಳ ಚಿಕಿತ್ಸೆಯನ್ನು ವಾರ್ಡಿನಿಂದ ಮನೆಗೆ ತಂದಿತು.

ಅಷ್ಟು ಚಿಕ್ಕ ಪೊಟ್ಟಣಕ್ಕೆ ಅಷ್ಟು ಕ್ಯಾಲೊರಿ ತುಂಬುವುದು ಕೊಬ್ಬಿನಿಂದ ಮಾತ್ರ ಸಾಧ್ಯ. ಎಫ್-100ರಲ್ಲಿ ಅರ್ಧಕ್ಕೂ ಹೆಚ್ಚು ಶಕ್ತಿ ಕೊಬ್ಬಿನದು, ಪೊಟ್ಟಣದಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಲೈಪೇಸ್ ಖಾಲಿಯಾಗಿರುವ ಮಗುವಿಗೆ ನಾವು ಕೊಡುವ ಮುಖ್ಯ ಇಂಧನ, ಲೈಪೇಸ್ ಇಲ್ಲದೆ ಉರಿಯದ ಇಂಧನ! ಕಾಗದದ ಮೇಲೆ ಇದು ಅವಿವೇಕವೆನಿಸುತ್ತದೆ. ಆದರೂ ಬಹುಪಾಲು ಮಕ್ಕಳು ಇದನ್ನೇ ತಿಂದು ತುಂಬಿಕೊಳ್ಳುತ್ತಾರೆ. ಏಕೆಂದರೆ ಕೊಬ್ಬು ಒಡೆಯುವ ಕೆಲಸಕ್ಕೆ ಮೇದೋಜೀರಕವೊಂದೇ ದಿಕ್ಕಲ್ಲ. ಜಠರದಲ್ಲಿ ತನ್ನದೇ ಲೈಪೇಸ್ ಇದೆ. ಎದೆಹಾಲು ತನ್ನೊಳಗಿನ ಕೊಬ್ಬನ್ನು ಒಡೆಯುವ ಕಿಣ್ವವನ್ನು ತಾನೇ ಹೊತ್ತು ತರುತ್ತದೆ, ಬುತ್ತಿಯ ಜೊತೆಗೆ ಬಡಿಸುವವರನ್ನೂ ಕಳಿಸಿದಂತೆ. ಸೊರಗಿದ ಮಗುವಿಗೆ ಎದೆಹಾಲು ಮುಂದುವರಿಸಿ ಎಂಬ ಸಲಹೆಗೆ ರೋಗನಿರೋಧಕ ಶಕ್ತಿಯ ಜೊತೆಗೆ ಈ ಕಾರಣವೂ ಇದೆ. ಇನ್ನು ಗ್ರಂಥಿಯೂ ಹಟಮಾರಿ. ಅಮೈನೋ ಆಮ್ಲ ಸಿಗತೊಡಗಿದರೆ ಕೆಲವೇ ವಾರಗಳಲ್ಲಿ ಕೋಶಗಳಲ್ಲಿ ಗುಲಾಬಿ ಕಾಳುಗಳು ಮರಳತೊಡಗುತ್ತವೆ. ನಾರು ಬೆಳೆದ ಗ್ರಂಥಿಗೆ ಮಾತ್ರ ಆ ಭಾಗ್ಯ ಪೂರ್ತಿ ಸಿಗುವುದಿಲ್ಲ.

ಹಾಗಾದರೆ ಚೇತರಿಕೆಯವರೆಗೆ ಕಿಣ್ವವನ್ನು ಹೊರಗಿನಿಂದಲೇ ಕೊಟ್ಟರೆ ಆಗದೇ? ಸಿಸ್ಟಿಕ್ ಫೈಬ್ರೋಸಿಸ್ ಮಕ್ಕಳಿಗೆ ಹಂದಿಯ ಮೇದೋಜೀರಕದಿಂದ ತೆಗೆದ ಕಿಣ್ವಗಳ ಗುಳಿಗೆಯನ್ನು ಪ್ರತಿ ಊಟದ ಜೊತೆಗೂ ಕೊಡುವುದು ಹಳೆಯ ರೂಢಿ. ಇದೇ ಪ್ರಶ್ನೆಯನ್ನು ಮಲಾವಿಯ ಬ್ಲಾಂಟೈರ್‌ನ ಕ್ವೀನ್ ಎಲಿಜಬೆತ್ ಸೆಂಟ್ರಲ್ ಆಸ್ಪತ್ರೆಯಲ್ಲಿ ಬಾರ್ಟೆಲ್ಸ್ ಮತ್ತು ಸಂಗಡಿಗರು ಪರೀಕ್ಷೆಗೊಡ್ಡಿದರು. ಫಲಿತಾಂಶ ಪ್ರಕಟವಾದದ್ದು 2017ರಲ್ಲಿ. ತೀವ್ರ ಅಪೌಷ್ಟಿಕತೆಯ ಜೊತೆಗೆ ಬೇರೆ ತೊಡಕುಗಳೂ ಇದ್ದ, ಆರು ತಿಂಗಳಿನಿಂದ ಐದು ವರ್ಷದ 90 ಮಕ್ಕಳು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ, ಒಂದು ಗುಂಪಿಗೆ ಮಾತ್ರ 28 ದಿನ ಕಿಣ್ವವೂ ಹೆಚ್ಚುವರಿಯಾಗಿ. ದಾಖಲಾಗುವಾಗ ಶೇಕಡಾ 83ರಷ್ಟು ಮಕ್ಕಳಲ್ಲಿ ಗ್ರಂಥಿಯ ಕೊರತೆ ಕಂಡುಬಂತು. ಆಸ್ಪತ್ರೆಯಲ್ಲಿದ್ದಷ್ಟು ದಿನಗಳಲ್ಲಿ ಎಲಾಸ್ಟೇಸ್ ಏರಿದ್ದು ಹೆಚ್ಚಾಗಿ ಊತವಿಲ್ಲದ ಮಕ್ಕಳಲ್ಲಿ.

ಸಂಶೋಧಕರು ಮುಖ್ಯವಾಗಿ ಕಾದಿದ್ದು ತೂಕಕ್ಕೆ. ಅದು ಬರಲಿಲ್ಲ. ಕಿಣ್ವ ಪಡೆದವರು ಸರಾಸರಿ ಶೇಕಡಾ 15.3, ಪಡೆಯದವರು 13.7 ತೂಕ ಗಳಿಸಿದರು. ಸಂಖ್ಯಾಶಾಸ್ತ್ರದ ಕಣ್ಣಿನಲ್ಲಿ ಇದು ವ್ಯತ್ಯಾಸವೇ ಅಲ್ಲ. ಅಚ್ಚರಿ ಬಂದದ್ದು ಬೇರೆ ಅಂಕಣದಲ್ಲಿ. ಕಿಣ್ವ ಪಡೆದ ಗುಂಪಿನಲ್ಲಿ ಸತ್ತವರು ಶೇಕಡಾ 18.6, ಪಡೆಯದ ಗುಂಪಿನಲ್ಲಿ 37.8. ಸಾವು ಅರ್ಧಕ್ಕೆ ಇಳಿದಿತ್ತು. ತೀರಿಕೊಂಡ ಮಕ್ಕಳಲ್ಲಿ ಕೊಬ್ಬು ಒಡೆಯುವ ಶಕ್ತಿ ದಾಖಲಾದ ದಿನವೇ ಕಡಿಮೆಯಿತ್ತು ಎಂಬುದೂ ಕಂಡಿತು.

ಈ ಅಂಕಿಯನ್ನು ಹೇಗೆ ಓದಬೇಕು? ತೊಂಬತ್ತು ಮಕ್ಕಳನ್ನು ಎರಡು ಮಾಡಿದರೆ ಗುಂಪಿಗೆ ಸುಮಾರು 45. ಶೇಕಡಾವಾರಿನಲ್ಲಿ ದೊಡ್ಡದಾಗಿ ಕಾಣುವ ಅಂತರ ಎಣಿಸಿದರೆ ಎಂಟೊಂಬತ್ತು ಮಕ್ಕಳದ್ದು. ಸಾವನ್ನು ಹೋಲಿಸುವಷ್ಟು ದೊಡ್ಡ ಪ್ರಯೋಗ ಇದಲ್ಲ ಎಂದು ಬರೆದವರೇ ಒಪ್ಪಿಕೊಂಡಿದ್ದಾರೆ. ಕಾಕತಾಳೀಯವೂ ಇರಬಹುದು. ಆದರೆ ತೂಕ ಏರದೆ ಸಾವು ಇಳಿದದ್ದು ಅಸಂಗತವೇನೂ ಅಲ್ಲ. ಮೇದೋಜೀರಕದ ರಸಕ್ಕೂ ಪಿತ್ತಕ್ಕೂ ಸಣ್ಣ ಕರುಳಿನ ಮೇಲ್ಭಾಗದಲ್ಲಿ ಬ್ಯಾಕ್ಟೀರಿಯಾಗಳನ್ನು ಅಂಕೆಯಲ್ಲಿಡುವ ಕೆಲಸವೂ ಇದೆ. ರಸ ನಿಂತರೆ, ಒಡೆಯದ ಆಹಾರ ಕರುಳಿನಲ್ಲಿ ಅವುಗಳಿಗೆ ಔತಣವಾಗುತ್ತದೆ. ಸವೆದ ಕರುಳಿನ ಗೋಡೆ ದಾಟಿ ಅವು ರಕ್ತ ಸೇರಿದರೆ ಮಗುವಿನ ಕಥೆ ಮುಗಿದಂತೆ. ತೀವ್ರ ಅಪೌಷ್ಟಿಕತೆಯಲ್ಲಿ ಬಹಳ ಮಕ್ಕಳನ್ನು ಕೊಲ್ಲುವುದು ಸೋಂಕು ತಾನೆ? ಕಿಣ್ವ ಕ್ಯಾಲೊರಿಯ ದಾರಿಯಲ್ಲಲ್ಲದೆ ಸೋಂಕಿನ ದಾರಿಯಲ್ಲಿ ಕೈಹಿಡಿದಿರಬಹುದು ಎಂಬ ಊಹೆಯನ್ನು ನಾನು ತಳ್ಳಿಹಾಕಲಾರೆ. ಹಾಗೆಂದು ಈ ಒಂದು ಪ್ರಯೋಗವನ್ನು ನೆಚ್ಚಿ ಎಲ್ಲ ವಾರ್ಡುಗಳಿಗೂ ಗುಳಿಗೆ ಹಂಚಿ ಎನ್ನಲೂ ಆಗದು. ಊತವಿರುವ ಮಕ್ಕಳನ್ನೂ ಇಲ್ಲದವರನ್ನೂ ಬೇರೆ ಬೇರೆಯಾಗಿ ಎಣಿಸುವ ದೊಡ್ಡ ಪ್ರಯೋಗ ಬೇಕು ಎಂಬ ಅವರ ಮಾತಿಗೇ ಹೆಚ್ಚು ತೂಕವಿದೆ.

ರಾತ್ರಿ ಎರಡು ಗಂಟೆಯ ಸಕ್ಕರೆ

ಇನ್ನು ಗ್ರಂಥಿಯ ಚಿಕ್ಕ ಪಾಲು, ಇನ್ಸುಲಿನ್ ಕಡೆಗೆ ಬರೋಣ. ತೀವ್ರವಾಗಿ ಸೊರಗಿದ ಮಗುವಿನಲ್ಲಿ ಇನ್ಸುಲಿನ್ ಸ್ರವಿಕೆ ತಗ್ಗಿರುತ್ತದೆ, ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರಿರುತ್ತದೆ. ಸಕ್ಕರೆ ಕೊಟ್ಟರೆ ರಕ್ತದಿಂದ ಅದು ನಿಧಾನಕ್ಕೆ ಖಾಲಿಯಾಗುತ್ತದೆ, ಮಧುಮೇಹಿಯಲ್ಲಿ ಆದಂತೆ. ಕೊಡದಿದ್ದರೆ ಯಕೃತ್ತಿನಲ್ಲಿ ದಾಸ್ತಾನಿಲ್ಲದೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಒಂದೇ ಮೈಯಲ್ಲಿ ಎರಡೂ ವಿಪರೀತಗಳು.

ವಾರ್ಡಿನಲ್ಲಿ ಇದರ ಅರ್ಥ ಗಡಿಯಾರ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲಿ ಮೊದಲ ಹೆಜ್ಜೆಯೇ ಕಡಿಮೆ ಸಕ್ಕರೆಯನ್ನು ತಡೆಯುವುದು. ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 54 ಮಿಲಿಗ್ರಾಮಿಗಿಂತ ಇಳಿದರೆ, ಮಗುವಿಗೆ ಎಚ್ಚರವಿದ್ದಲ್ಲಿ ಶೇಕಡಾ 10ರ ಗ್ಲೂಕೋಸ್ ಅಥವಾ ಸಕ್ಕರೆ ನೀರು 50 ಮಿಲಿಲೀಟರ್. ಆಮೇಲೆ ಎರಡೆರಡು ಗಂಟೆಗೊಮ್ಮೆ ಎಫ್-75, ಹಗಲೂ ರಾತ್ರಿಯೂ. ರಾತ್ರಿ ಎರಡಕ್ಕೆ ಎದ್ದು ಬಟ್ಟಲಿನಿಂದ ಗುಟುಕು ಗುಟುಕಾಗಿ ಕುಡಿಸುವ ನರ್ಸ್, ಕುಡಿಯಲು ಒಲ್ಲೆನೆಂದು ಮುಖ ತಿರುಗಿಸುವ ಮಗು, ತೂಕಡಿಸುತ್ತ ಅದನ್ನು ತೊಡೆಯಲ್ಲಿ ಹಿಡಿದು ಕೂತ ತಾಯಿ. ಮಗುವಿನ ಮೈ ತಣ್ಣಗಾಗಿದ್ದು, ಕರೆದರೆ ಓಗೊಡದೆ ಮಂಕಾಗಿದ್ದರೆ, ಅದನ್ನು ನಿದ್ದೆ ಎಂದುಕೊಳ್ಳುವವರೇ ಹೆಚ್ಚು. ಹಗಲಿಡೀ ಚೆನ್ನಾಗಿಯೇ ಇದ್ದ ಮಗು ಬೆಳಗಾಗುವಷ್ಟರಲ್ಲಿ ಇಲ್ಲವಾಗುವುದು ಹೀಗೆ.

ಹಾಗೆಂದು ಹೊಟ್ಟೆ ತುಂಬ ಒಮ್ಮೆಲೇ ಸುರಿದರೂ ಅಪಾಯ. ಸಕ್ಕರೆ ಏರಿದೊಡನೆ ಇದ್ದಷ್ಟು ಇನ್ಸುಲಿನ್ ಹೊರಬಂದು ಗ್ಲೂಕೋಸಿನ ಜೊತೆಗೆ ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂಗಳನ್ನೂ ಕೋಶಗಳೊಳಗೆ ದೂಡುತ್ತದೆ. ರಕ್ತದಲ್ಲಿ ಅವು ದಿಢೀರನೆ ಕುಸಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ. ಮರುಉಣಿಕೆಯ ಆಘಾತ ಎನ್ನಬಹುದಾದ ಈ ಸ್ಥಿತಿಯ ಭಯದಿಂದಲೇ ಎಫ್-75 ಅಷ್ಟು ಜಿಪುಣ. ಸಾಯುವಷ್ಟು ಹಸಿದ ಮಗುವಿಗೆ ಇಷ್ಟೇ ಇಷ್ಟು ಕೊಡುತ್ತಾರಲ್ಲ ಎಂದು ಮನೆಯವರು ಸಿಟ್ಟಾಗುವುದು ಸಹಜ. ಆ ಸಿಟ್ಟಿಗೆ ಉತ್ತರ ಈ ಗ್ರಂಥಿಯಲ್ಲಿದೆ, ಅದನ್ನು ಬಿಡಿಸಿ ಹೇಳುವ ಪುರುಸೊತ್ತು ವಾರ್ಡಿನಲ್ಲಿ ಯಾರಿಗೂ ಇರುವುದಿಲ್ಲ.

ಬದುಕಿ ಉಳಿದವರ ಲೆಕ್ಕ

ಮಗು ಬದುಕಿತು, ಬೆಳೆಯಿತು. ಇನ್ಸುಲಿನ್ ಕೋಶಗಳು ಬಾಲ್ಯದ ಆ ತಿಂಗಳುಗಳನ್ನು ಮರೆಯುತ್ತವೆಯೇ? ಇದಕ್ಕೆ ಸಿಗುವ ಉತ್ತರಗಳು ಒಂದಕ್ಕೊಂದು ಕೂಡುವುದಿಲ್ಲ. ಮಲಾವಿಯಲ್ಲಿ ಚಿಕಿತ್ಸೆಯಾಗಿ ಏಳು ವರ್ಷ ಕಳೆದ ಮಕ್ಕಳನ್ನು ಹುಡುಕಿ ಪರೀಕ್ಷಿಸಿದಾಗ ಅವರು ಓರಗೆಯವರಿಗಿಂತ ಗಿಡ್ಡ, ಹಿಡಿತದ ಬಲ ಕಡಿಮೆ. ಆದರೆ ಸಕ್ಕರೆ ತಾಳಿಕೊಳ್ಳುವ ಶಕ್ತಿಯಲ್ಲಿ ಎದ್ದುಕಾಣುವ ವ್ಯತ್ಯಾಸವಿರಲಿಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನ ಅದು. ಜಮೈಕಾದಲ್ಲಿ ಬಾಲ್ಯದ ಅಪೌಷ್ಟಿಕತೆಯಿಂದ ಪಾರಾಗಿ ವಯಸ್ಕರಾದವರನ್ನು ನೋಡಿ 2014ರಲ್ಲಿ ಬರೆದವರಿಗೆ ಬೇರೆಯೇ ಚಿತ್ರ ಸಿಕ್ಕಿತು: ಮರಾಸ್ಮಸ್‌ನಿಂದ ಉಳಿದವರಲ್ಲಿ ಇನ್ಸುಲಿನ್ ಸ್ರವಿಕೆ ಕಡಿಮೆ, ಸಕ್ಕರೆಯ ಏರುಪೇರು ಹೆಚ್ಚು, ಕ್ವಾಶಿಯೋರ್ಕರ್‌ನಿಂದ ಉಳಿದವರಲ್ಲಿ ಹಾಗಿಲ್ಲ.

ಇದನ್ನು ಹಿಂದಿನ ಮಾತಿನ ಪಕ್ಕದಲ್ಲಿಟ್ಟು ನೋಡಬೇಕು. ವಾರ್ಡಿನಲ್ಲಿ ಜೀರ್ಣರಸದ ಕೊರತೆ ಪಟ್ಟಾಗಿ ಕೂತಿದ್ದು ಊದಿಕೊಂಡ ಮಕ್ಕಳಲ್ಲಿ. ದಶಕಗಳ ನಂತರ ಇನ್ಸುಲಿನ್ ಕೊರತೆ ಕಾಣಿಸಿದ್ದು ಒಣಗಿದ್ದ ಮಕ್ಕಳಲ್ಲಿ. ಗ್ರಂಥಿಯ ಎರಡು ಕಸುಬುಗಳು ಎರಡು ಬೇರೆ ದಾರಿಯಲ್ಲಿ ಸೋಲುತ್ತಿರುವಂತಿದೆ. ಮರಾಸ್ಮಸ್ ಮಕ್ಕಳ ಸೊರಗು ಬಹಳ ಮುಂಚೆ, ಬಹುಶಃ ಗರ್ಭದಲ್ಲೇ ಶುರುವಾಗಿರುತ್ತದೆ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಸಂಖ್ಯೆ ನಿಗದಿಯಾಗುವ ಹೊತ್ತಿನಲ್ಲಿ ಎಂಬುದು ಒಂದು ವಿವರಣೆ. ಚಿಕಿತ್ಸೆಯಾದ ಏಳು ವರ್ಷಕ್ಕೆ ಕಾಣದ್ದು ಇಪ್ಪತ್ತೇಳು ವರ್ಷಕ್ಕೆ ಕಾಣಬಹುದು ಎಂಬುದನ್ನೂ ಸೇರಿಸಿಕೊಂಡರೆ ಮಲಾವಿ ಮತ್ತು ಜಮೈಕಾದ ಫಲಿತಾಂಶಗಳು ಜಗಳವಾಡಲೇಬೇಕೆಂದಿಲ್ಲ.

ಈ ಚರ್ಚೆಗೆ ಈಗ ಕಾವು ಬಂದಿರುವುದು ಒಂದು ಹೆಸರಿನಿಂದ. 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಅಪೌಷ್ಟಿಕತೆಗೆ ನಂಟಿರುವ ಮಧುಮೇಹವನ್ನು ‘ಟೈಪ್ 5’ ಎಂದು ಮಾನ್ಯ ಮಾಡಿತು. ಜಗತ್ತಿನಲ್ಲಿ 2ರಿಂದ 2.5 ಕೋಟಿ ಜನರಿಗೆ ಇದು ಇರಬಹುದೆಂಬುದು ಅದರ ಪರವಾಗಿರುವವರ ಅಂದಾಜು. ಕಾಯಿಲೆ ಹೊಸದಲ್ಲ. 1955ರಲ್ಲಿ ಹ್ಯೂ-ಜೋನ್ಸ್ ಜಮೈಕಾದಲ್ಲಿ ಇಂಥ ತೆಳ್ಳನೆಯ ರೋಗಿಗಳನ್ನು ಕಂಡು ‘ಜೆ’ ಬಗೆ ಎಂದು ಕರೆದಿದ್ದರು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪೌಷ್ಟಿಕತೆಯ ಮಧುಮೇಹಕ್ಕೆ ತನ್ನ ಪಟ್ಟಿಯಲ್ಲಿ ಪ್ರತ್ಯೇಕ ಜಾಗ ಕೊಟ್ಟಿತು, 1999ರಲ್ಲಿ ಸಾಕ್ಷ್ಯ ಸಾಲದೆಂದು ಕಿತ್ತುಹಾಕಿತು. ಆಗಿನ ಅನುಮಾನಕ್ಕೆ ಕಾರಣವಿತ್ತು. ಗ್ರಂಥಿಯಲ್ಲಿ ಕಲ್ಲು ಕಟ್ಟುವ ಇನ್ನೊಂದು ಮಧುಮೇಹವನ್ನೂ ಇದೇ ಗುಂಪಿಗೆ ಸೇರಿಸಿದ್ದರು. ಅದರ ಹಿಂದೆ ವಂಶವಾಹಿಯ ದೋಷವೂ ಇರುವುದು ಆಮೇಲೆ ಬೆಳಕಿಗೆ ಬಂತು. 2022ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನವರು ಸೇರಿ ಇಂಥ ತೆಳ್ಳನೆಯ ರೋಗಿಗಳನ್ನು ಕೂಲಂಕಷವಾಗಿ ಅಳೆದರು. ಟೈಪ್ 2ರಂತೆ ಇನ್ಸುಲಿನ್‌ಗೆ ಮೈ ಮೊಂಡಾಗಿಲ್ಲ, ಕೊರತೆಯಿರುವುದು ಸ್ರವಿಕೆಯಲ್ಲೇ ಎಂದು ತೋರಿತು. ಪಟ್ಟಿಗೆ ಮರಳುವ ವಾದಕ್ಕೆ ಬಲ ಬಂದದ್ದು ಅಲ್ಲಿಂದ.

ಹೆಸರಿನ ಜಗಳ ಪಂಡಿತರದು ಎಂದು ಬದಿಗಿಡಲು ನನಗೆ ಮನಸ್ಸಾಗುತ್ತದೆ. ಆದರೆ ಔಷಧದ ಚೀಟಿಯಲ್ಲಿ ಬರೆಯುವ ಪ್ರಮಾಣ ಹೆಸರನ್ನೇ ಹಿಡಿದು ಹೋಗುತ್ತದೆ. ತೆಳ್ಳಗಿನ ಯುವಕ, ಸಕ್ಕರೆ ಬಹಳ ಏರಿದೆ ಎಂದೊಡನೆ ಟೈಪ್ 1 ಎಂದು ಬರೆದು ಅದರ ಲೆಕ್ಕದಲ್ಲೇ ಇನ್ಸುಲಿನ್ ಕೊಡುವುದು ಸುಲಭ. ಇವನ ಮೈ ಇನ್ಸುಲಿನ್‌ಗೆ ಚುರುಕಾಗಿ ಸ್ಪಂದಿಸುವಂಥದ್ದು, ಸ್ವಲ್ಪವೇ ಸಾಕು. ಸಂಜೆ ಆ ದೊಡ್ಡ ಪ್ರಮಾಣ ಚುಚ್ಚಿಕೊಂಡು, ರಾತ್ರಿಯ ಊಟ ಆ ದಿನ ಅರೆಹೊಟ್ಟೆಯಾದರೆ, ಎರಡು ಗಂಟೆಯ ಹೊತ್ತಿಗೆ ಮೈ ತಣ್ಣಗಾಗಿ ಬೆವೆತಿರುತ್ತದೆ, ಕರೆದರೆ ಓಗೊಡುವುದಿಲ್ಲ. ಪಕ್ಕದಲ್ಲಿ ಮಲಗಿದವರು ಅದನ್ನು ನಿದ್ದೆ ಎಂದುಕೊಳ್ಳುತ್ತಾರೆ.